ಜಿಂಕೆಗೆ ಕೊಟ್ಟ ಭಯ

ವನ್ಯಜೀವಿ ಸಂಶೋಧನಾ ಸಂಸ್ಥೆಯಲ್ಲಿ ಕತ್ತಲ ಭಯ ಮಾರಿದರೆ ಅರ್ಧ ಮೂಟೆ ರಾಗಿ, ಹಾವಿನ ಭಯಕ್ಕೆ ಒಂದು ಮೂಟೆ. ಮಗುವಿಗೆ ಏನಾದೀತೋ ಎಂಬ ತಾಯಿಯ ಭಯಕ್ಕೆ ಮಾತ್ರ ಹಾಲು ಕರೆಯುವ ಹಸು. ಪ್ರಯೋಗಾಲಯದಲ್ಲಿ ಹುಟ್ಟಿದ ಜಿಂಕೆಗಳು ಹುಲಿಯೆದುರು ಮರಿ ಬಿಟ್ಟು ಮೇಯುತ್ತವೆ. ಅವಕ್ಕೆ ಮನುಷ್ಯರ ಭಯವನ್ನೇ ತೆಗೆದು ತುಂಬಬೇಕು.

ಕೆಂಪಾಜಮ್ಮನ ಮಗಳಿಗೆ ಹಾಲು ಬೇಕಿತ್ತು. ಆದರೂ ಭಯ ತೆಗೆಯುವ ಕುರ್ಚಿ ಕಂಡೊಡನೆ ಅವಳು ಮಗಳ ಕೈ ಹಿಡಿದು ಬಾಗಿಲಲ್ಲೇ ನಿಂತಳು. ಹಾವಿನ ಭಯ ಮಾರಿದ ಮೈದುನ, ನಾಗರಹಾವನ್ನು ಬರಿಗೈಲಿ ಎತ್ತಲು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಕೂತ್ಕೊಳ್ಳಮ್ಮ, ನೋವಾಗಲ್ಲ," ಎಂದರು ಡಾಕ್ಟರಮ್ಮ.

"ನೋವಿಗಲ್ಲ ಕಣವ್ವ ನಾ ಹೆದರೋದು. ಹೊರಗೆ ಲಾರಿ ಓಡಾಡೋ ರಸ್ತೆ. ಆಮೇಕೆ ಇವಳನ್ನ ಹಿಡ್ಕೊಳೋರು ಯಾರು?"

ಕೆಂಪಾಜಮ್ಮ ಸೆರಗಿನ ತುದಿಯನ್ನು ಮಗಳ ನಡುವಿಗೆ ಸುತ್ತಿ, ಹಲ್ಲಿನಿಂದ ಎಳೆದು ಬಿಗಿಯಾಗಿ ಗಂಟು ಹಾಕಿದಳು.

"ಕರು ಕಟ್ಟಿದ ಹಾಗೆ ಕಟ್ಟಿದ್ದೀಯಲ್ಲಮ್ಮ!" ಡಾಕ್ಟರಮ್ಮ ನಕ್ಕರು.

"ನಗಬ್ಯಾಡಿ. ಈ ಗಂಟು ಅವಳಿಗಲ್ಲ, ನಂಗೆ ಹಾಕ್ಕೊಂಡಿರೋದು."

ಸ್ವಲ್ಪ ಹೊತ್ತಿನ ಬಳಿಕ ಅವಳು ಹಸುವಿನ ಹಗ್ಗ ಹಿಡಿದು ಹೊರಬಂದಳು. ಎದೆ ಹಗುರಾಗಿತ್ತು. ಮಗಳು ರಸ್ತೆಯತ್ತ ಓಡಲು ಸೆರಗು ಜಗ್ಗಿದಳು.

"ಸುಮ್ಸುಮ್ನೆ ಕಟ್ಟಾಕಿದ್ನಲ್ಲ ಕೂಸೆ," ಎನ್ನುತ್ತ ಕೆಂಪಾಜಮ್ಮ ಗಂಟು ಬಿಚ್ಚತೊಡಗಿದಳು.

ಹಸು ಸಿಕ್ಕಿತ್ತು. ಹೆದರಿಕೆ ಹೋಗಿತ್ತು.