ಹನ್ನೆರಡನೆಯ ಕಿತ್ತಳೆ

ಚೀಲದ ತಳ ಕಿತ್ತು ಹನ್ನೆರಡು ಕಿತ್ತಳೆ ಕೈರುವಾನ್ ಊರಿನ ಇಳಿಜಾರು ಓಣಿಯಲ್ಲಿ ಉರುಳಿದವು. ತಳ ತಾನಾಗಿ ಕಿತ್ತದ್ದಲ್ಲ, ನಜೀಹಾಳೇ ಹೊಲಿಗೆ ಬಿಚ್ಚಿಟ್ಟಿದ್ದಳು. ಸೂರ್ಯ ಮುಳುಗಲು ಹತ್ತೇ ನಿಮಿಷ. ರಂಜಾನಿನ ಉಪವಾಸ ಬಿಡಲು ಊರಿಗೆ ಊರೇ ಮನೆಗೆ ಓಡುತ್ತಿತ್ತು. ಅವಸರದಲ್ಲಿರುವವನು ಪರರ ಕಷ್ಟಕ್ಕೆ ನಿಲ್ಲುವುದಿಲ್ಲ ಎಂಬುದು ಅವಳ ಮನಃಶಾಸ್ತ್ರ ಪ್ರಬಂಧದ ಊಹೆ. ಸಹಪಾಠಿ ಹಾತೆಮ್ ರೊಟ್ಟಿ ಅಂಗಡಿಯ ಮರೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದ. ಅದರಲ್ಲಿ ಎರಡೇ ಕಾಲಂ: ‘ನಿಂತರು’, ‘ನಿಲ್ಲಲಿಲ್ಲ’.

ಹೋಲಿಕೆಗೆಂದು ಅವಸರವಿಲ್ಲದ ಮಧ್ಯಾಹ್ನದಲ್ಲಿ ಮಾಡಬೇಕಿದ್ದ ಮೂವತ್ತು ಪ್ರಯೋಗ ಎರಡೇ ದಿನದಲ್ಲಿ ಮುಗಿದಿತ್ತು. ಸಂಜೆಯದ್ದೇ ಗ್ರಹಚಾರ. ನಿಂತವರು ಹಣ್ಣು ಆಯ್ದುಕೊಟ್ಟು ಸುಮ್ಮನೆ ಹೋದರೆ ತಾನೇ? ಈ ಹೊತ್ತಿನಲ್ಲಿ ಹುಡುಗಿಯನ್ನು ಬೀದಿಯಲ್ಲಿ ಬಿಟ್ಟುಹೋಗುವುದುಂಟೇ ಎಂದು ಕೈಹಿಡಿದು ಎಳೆದೊಯ್ದು ಊಟಕ್ಕೆ ಕೂರಿಸುತ್ತಿದ್ದರು. ಮರೆಯಲ್ಲಿದ್ದ ಹಾತೆಮನನ್ನೂ ಬಿಡಲಿಲ್ಲ. ಹೀಗಾಗಿ ಸಂಜೆಗೊಂದೇ ಪ್ರಯೋಗ. ಐದು ಸಂಜೆ, ಐದು ಮನೆ, ಐದು ಬಗೆಯ ಶೋರ್ಬಾ ಸಾರು. ನಜೀಹಾಳ ಸ್ಕರ್ಟು ಸೊಂಟದಲ್ಲಿ ಬಿಗಿಯತೊಡಗಿತು.

ಊಹೆ ನಿಜವೋ ಸುಳ್ಳೋ ತನಗೆ ಬೇಕಿಲ್ಲ, ಸಂಜೆಯ ಹೊತ್ತಿಗೂ ಒಟ್ಟು ಮೂವತ್ತು ಜನ ಬೇಕು, ಇಲ್ಲದಿದ್ದರೆ ಮುಂದಿನ ರಂಜಾನಿಗೆ ಬಾ ಎಂದು ಪ್ರೊಫೆಸರ್ ದ್ರಿಸ್ಸಿ ಖಡಾಖಂಡಿತವಾಗಿ ಹೇಳಿದ್ದರು. ಉಳಿದದ್ದು ಒಂಬತ್ತು ಸಂಜೆ. ನಿಲ್ಲದವರು ಸಿಕ್ಕರೆ ಒಂದೇ ಸಂಜೆಗೆ ಮೂರು ನಾಲ್ಕು ಸಲ ಚೀಲ ಬೀಳಿಸಬಹುದು. ಸಿಗದಿದ್ದರೆ ಒಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಈ ಆರನೆಯ ಸಂಜೆ, ಕಿತ್ತಳೆ ಉರುಳುತ್ತಿದ್ದಾಗಲೇ ಬಂದ ಒಬ್ಬ ಮನುಷ್ಯ. ಎತ್ತರದ ಆಳು, ನಿಲುವಂಗಿ ಮೊಣಕಾಲವರೆಗೆ ಎತ್ತಿ ಹಿಡಿದಿದ್ದ. ಕಿತ್ತಳೆಗಳ ನಡುವೆ ಕುಪ್ಪಳಿಸಿ, ಒಮ್ಮೆ ಬಗ್ಗಿ ಎದ್ದು, ತಿರುಗಿಯೂ ನೋಡದೆ ಓಡಿದ. ಎಡವಿದನೆಂದುಕೊಂಡ ನಜೀಹಾಳಿಗೆ ಸ್ವರ್ಗ ಮೂರೇ ಗೇಣು. ಬೀದಿ ಎಂಬುದನ್ನೂ ಮರೆತು ಕುಣಿದುಬಿಟ್ಟಳು. ಹಾತೆಮ್ ಎರಡನೆಯ ಕಾಲಂನಲ್ಲಿ ದಪ್ಪಗೆ ಗೀಟು ಹಾಕಿದ. ಆದರೆ ಪ್ರಯೋಗಕ್ಕೆ ಸಿಕ್ಕವರಿಗೆ ಆಮೇಲೆ ನಿಜ ಹೇಳಿ ಒಪ್ಪಿಗೆ ಪಡೆಯದಿದ್ದರೆ ಗೀಟು ಲೆಕ್ಕಕ್ಕಿಲ್ಲ. ಎದ್ದೆನೋ ಬಿದ್ದೆನೋ ಎಂದು ಹಿಂದೆಯೇ ಓಡಿ, ಚಿಕ್ಕದೊಂದು ಬಾಗಿಲಲ್ಲಿ ಅವನ ತೋಳು ಹಿಡಿದಳು.

“ಅಣ್ಣಾ, ನೀವು ನಿಲ್ಲಲಿಲ್ಲ. ನಿಮ್ಮಿಂದ ಎಂಥ ಉಪಕಾರ ಆಯ್ತು ಗೊತ್ತಾ?”

“ಕೈ ಬಿಡಮ್ಮಾ. ನಾನು ಮೇಲೆ ಹತ್ತಿ ಕೂಗೋವರೆಗೂ ಈ ಓಣೀಲಿ ಯಾರ ಬಾಯಿಗೂ ಒಂದು ಖರ್ಜೂರ ಹೋಗಲ್ಲ.”

ಅವನು ಮೆಟ್ಟಿಲು ಹತ್ತಿ ಮಾಯವಾದ. ನಜೀಹಾ ತಲೆಯೆತ್ತಿದಳು, ಅದು ಓಣಿಯ ಮಸೀದಿಯ ಮಿನಾರು. ಅಷ್ಟರಲ್ಲಿ ಹಾತೆಮ್ ಹಣ್ಣು ಆಯ್ದುಕೊಂಡು ಬಂದ. ಎಷ್ಟು ಎಣಿಸಿದರೂ ಹನ್ನೊಂದೇ. ಮೇಲಿನಿಂದ ಅಜಾನ್ ಕೇಳಿತು, ಸುತ್ತಲ ಮನೆಗಳಲ್ಲೆಲ್ಲ ಚಮಚದ ಸದ್ದು ಎದ್ದಿತು. ಕೂಗು ಮುಗಿದ ಮೇಲೆ ಅವನು ಏದುಸಿರು ಬಿಡುತ್ತ ಇಳಿದುಬಂದು ಜೇಬಿಗೆ ಕೈಹಾಕಿದ.

“ಓಡ್ತಾ ಓಡ್ತಾ ಕೈಗೆ ಸಿಕ್ಕಿದ್ದು ಇದೊಂದೇ, ಬೇಜಾರು ಮಾಡ್ಕೋಬೇಡ ತಾಯಿ. ನಮಾಜು ಮುಗಿಸಿ ಬರ್ತೀನಿ. ಇಬ್ಬರೂ ಊಟಕ್ಕೆ ಮನೆಗೆ ಬರಲೇಬೇಕು.”

ಅಂಗೈಯಲ್ಲಿ ಹನ್ನೆರಡನೆಯ ಕಿತ್ತಳೆ. ನಜೀಹಾ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾತೆಮ್ ಎರಡನೆಯ ಕಾಲಂನ ಗೀಟು ಹೊಡೆದುಹಾಕಿ ಮೊದಲನೆಯದರಲ್ಲಿ ಬರೆದ.

“ಆರು ಆಯ್ತು,” ಎಂದ. “ಇನ್ನು ಇಪ್ಪತ್ತನಾಲ್ಕು ಊಟ.”

“ಮುಂದಿನ ರಂಜಾನಿಗೂ ಇದೇ ಓಣಿ ಕಣೋ,” ಎಂದು ನಜೀಹಾ ಕಿತ್ತಳೆ ಸುಲಿದಳು.