ಅಯ್ಯಣ್ಣ ಹಾಕಿದ ಅರ್ಜಿ

ಸುರಪುರದ ಅಯ್ಯಣ್ಣ ಒಮ್ಮೆ ಕೆಮ್ಮಿದರೆ ಸಾಕು, ಲಂಡನ್ನಿನ ವೀಸಾ ಸಾಹೇಬರು ಉಣ್ಣುವ ತಾಟು ಬಿಟ್ಟು ಎದ್ದು ನಿಲ್ಲುತ್ತಿದ್ದರು. ಐರ್ಲೆಂಡಿನವರಂತೂ ಚಹಾ ಕಾಸಿಟ್ಟು ಅವನ ದಾರಿ ಕಾಯುತ್ತಿದ್ದರು! ಅಂಥವನ ಎದೆಗೆ ಅಕ್ಕ ರೇಣಮ್ಮ, ಬಾಣಂತಿಗೆಂದು ನೇಯಿಸಿದ್ದ ಕರಿ ಕಂಬಳಿಯನ್ನು ಬೀಸಿ ಒಗೆದಳು. ಡಬ್ಲಿನ್ನಿನಲ್ಲಿ ನರ್ಸ್ ಆಗಿದ್ದ ಅವಳ ಮಗಳಿಗೆ ದಿನ ತುಂಬಿದ್ದವು; ಅಲ್ಲಿಗೆ ಹೋಗಲು ಇಬ್ಬರ ವೀಸಾ ಅರ್ಜಿ ಹಾಕುವ ಹೊಣೆ ಅಯ್ಯಣ್ಣನದಾಗಿತ್ತು.

"ನಮ್ಮಿಬ್ಬರ ವೀಸಾ ಬ್ಯಾಡಂದಾರ, ಇನ್ನ ಜನ್ಮದಾಗ ಅರ್ಜಿ ಹಾಕಾಂಗಿಲ್ಲ ಅಂದ್ಯಲ್ಲೋ ಸುಳ್ಳಬುರುಕ! ಎಷ್ಟ್ ಸಲ ಬೇಕಾದ್ರೂ ಹಾಕಬಹುದಂತ. ಈಗ ಮಗಳು ಫೋನಿನ್ಯಾಗ ಹೇಳಿದ್ಲು."

"ಅಕ್ಕಾ, ನನ್ನಂಥಾವನಿಗೇ ಬ್ಯಾಡಂದಾರ ಅಂದಮ್ಯಾಗ..."

"ಯಾರಂದ್ರು? ಹೆಸರು ಹೇಳು! ಚೊಚ್ಚಲ ಬಾಣಂತನಕ್ಕ ತಾಯಿ ಇಲ್ಲದಾಂಗ ಮಾಡಿದೆಲ್ಲೋ!"

ಅಯ್ಯಣ್ಣನ ಹುರಿ ಮೀಸೆ ಜೋತುಬಿತ್ತು.

"ಯಾರೂ ಅಂದಿಲ್ಲಕ್ಕ. ನಾ ಅರ್ಜಿನೇ ಹಾಕಿಲ್ಲ. ನೀ 'ನನ್ನ ಜೋಡಿಗಿ ಬಾ' ಅಂದಿ... ವಿಮಾನ ಅಂದ್ರ ನಂಗ ಕಾಲು ನಡಗ್ತಾವ."