ನಂಬರು ನಲವತ್ತೊಂದು

ಕಾಡಿನ ನಡುವೆ ಸೋಲಿಗರ ಗುಡಿಸಲುಗಳ ಆ ಪೋಡಿನಲ್ಲಿ ಬೇರು ಅರೆದು ಔಷಧಿ ಕೊಡುತ್ತಿದ್ದವಳು ಕುಂಬಮ್ಮ. ಮೂರು ವರ್ಷದಿಂದ ಅವಳು ಯಾರಿಗೂ ಔಷಧಿ ಕೊಟ್ಟಿರಲಿಲ್ಲ. ಅವಳ ಕಷಾಯ ಕುಡಿದೇ ಅವಳ ಮಗಳು ಸತ್ತಳು ಅಂತ ಪೋಡಿನವರೆಲ್ಲ ನಂಬಿದ್ದರು. ಅವಳೂ ನಂಬಿದ್ದಳು. ಮಗಳ ಕೆಮ್ಮು ಈಗಲೂ ಗುಡಿಸಲ ಮೂಲೆಯಿಂದ ಅವಳಿಗೆ ಕೇಳಿಸುತ್ತಿತ್ತು.

ಮಗಳು ಬದುಕಿದ್ದಾಗ ಒಬ್ಬ ಸಂಶೋಧಕ ಬಂದು ಎಲ್ಲರ ಕಫವನ್ನೂ ಕುಂಬಮ್ಮನ ಕಷಾಯವನ್ನೂ ಸೀಸೆಗಳಲ್ಲಿ ತುಂಬಿಕೊಂಡು ಹೋಗಿದ್ದ. ಅವನೇ ಈಗ ದಪ್ಪ ಪುಸ್ತಕ ಹಿಡಿದು ಬಂದ.

“ನಿಮ್ಮ ಬಗ್ಗೆ ಬರೆದವರು ಯಾರೂ ವಾಪಸ್ ತಂದು ತೋರಿಸಲ್ಲ ಅಮ್ಮಾ. ನಾನು ತಂದಿದೀನಿ ನೋಡಿ.”

“ನಂಗ ಓದಾಕ ಬರಲ್ಲ ಸಾ. ನನ್ ಕಸಾಯದಲ್ಲಿ ವಿಸ ಇತ್ತಾ? ಅದೊಂದ ನೋಡಿ ಹೇಳಿ.”

ಅವನು ಹಾಳೆ ತಿರುವಿದ. “ಇಲ್ಲ ಅಮ್ಮಾ. ಕೆಟ್ಟದ್ದು ಏನೂ ಇರಲಿಲ್ಲ.”

ಕುಂಬಮ್ಮ ಗೋಡೆಗೆ ಒರಗಿ ಕೂತಳು.

“ಅಂಗಾದ್ರ ನನ್ ಕೂಸು ಯಾತಕ್ಕ ಸತ್ತದು? ನಂಬರು ನಲವತ್ತೊಂದು. ಅವಳ ಕೈ ಮೇಲೆ ನೀವೇ ಬರ್ದಿದ್ರಿ.”

“ನಲವತ್ತೊಂದು... ಹಾಂ, ಕಫದಲ್ಲಿ ಕ್ಷಯ ಇತ್ತು. ಪಾಪ, ಮಾತ್ರೆ ನುಂಗಿದ್ರೆ ಉಳೀತಿದ್ಲು.”

“ಅದು ನಿಮಗ ಯಾವಾಗ ಗೊತ್ತಾದ್ದು?”

ಅವನು ಸಾಲಿನ ಮೇಲೆ ಬೆರಳಿಟ್ಟು ಹುಡುಕಿದ. “ಆ ವರ್ಷ ಏಪ್ರಿಲ್‌ನಲ್ಲಿ.”

“ಏಪ್ರಿಲ್ ಅಂದ್ರ ಜೇನು ಕೀಳೋ ಕಾಲ ಅಲ್ವಾ ಸಾ,” ಅಂದಳು ಕುಂಬಮ್ಮ. “ನನ್ ಕೂಸು ಆ ಮಳಗಾಲ ಕಳ್ದು ರಾಗಿ ಕುಯ್ಲಿನ ಗಂಟ ಬದುಕಿತ್ತು.”